ಅಪ್ಪ ಸುಮ್ಮನಾದ ಮೇಲೆ

ಹೊರಗೆ ಹೋಗಿ ಅಂದ್ನಲ್ಲ, ನಿಮ್ಮ ಬಾಯೊಂದು ಸುಮ್ಮನಿದ್ದಿದ್ರೆ ನನ್ನ ಮಗು ಯಾಕೆ ಇಲ್ಲಿ ಮಲಗ್ತಿತ್ತು, ಹೋಗಿ — ವಾರ್ಡಿನ ಎಲ್ಲರೆದುರೇ ಹೆಂಡತಿ ಹೀಗೆಂದಳು, ನಾನೇನು ಅಂಥದ್ದು ಆಡಿದೆ, ಸಿಸ್ಟರ್ ಬಿಪಿ ಪಟ್ಟಿ ಬಿಗಿಯಾಯ್ತು, ಕೈ ನೀಲಿಯಾಗ್ತಿದೆ ಅಂದೆ, ಅಷ್ಟಕ್ಕೇ ಆ ಕೊನೆಯ ಮಂಚದ ಕೂಸು ಬೆಚ್ಚಿ ಅತ್ತಿತು, ನನ್ನ ಗಂಟಲೇ ಹಾಗೆ, ಜಖಂ ಆದ ಕಾರಿನ ತಗಡು ಬಡಿದು ನೇರ ಮಾಡುವ ಶೆಡ್ಡಿನಲ್ಲಿ ಮೆಲ್ಲಗೆ ಮಾತಾಡಿದರೆ ಪಕ್ಕದವನಿಗೂ ಕೇಳುವುದಿಲ್ಲ, ಹೋಗೇ ಅತ್ಲಾಗೆ ಅಂದು ಬಾಗಿಲು ದಡಾರನೆ ಎಳೆದುಕೊಂಡು ಬಂದೆ, ಈಗ ಗೋಡೆಗೆ ಒರಗಿ ನಿಂತಿದ್ದೇನೆ, ಫಿನಾಯಿಲಿನ ವಾಸನೆ, ಒಳಗೆ ಆ ಬಿಪಿ ಯಂತ್ರ ಗುರ್ರೆನ್ನುತ್ತಿದೆ, ಇಳಿಯಲಿ, ನಾನು ಹೊರಗೇ ಇದ್ದೇನಲ್ಲ, ಇಳಿಯಲೇಬೇಕು, ಎಂಟು ವರ್ಷದ ಹುಡುಗಿಗೆ ಬಿಪಿ ಅಂದರೆ ಯಾರು ನಂಬುತ್ತಾರೆ, ತಲೆನೋವು ತಲೆನೋವು ಅಂತಿದ್ದಳು, ಕನ್ನಡಕ ಬೇಕೇನೋ ಅಂತ ಕರೆದೊಯ್ದರೆ ಕಣ್ಣಿನ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ ಮುಖ ಸಣ್ಣ ಮಾಡಿಕೊಂಡು ಇಲ್ಲಿಗೆ ಓಡಿಸಿದರು, ಇಲ್ಲಿನವರು ಅಂಗಿ ಎತ್ತಿ ಬೆನ್ನಿನ ಮೇಲಿನ ಕಾಫಿ ಬಣ್ಣದ ಮಚ್ಚೆಗಳನ್ನು ಎಣಿಸಿದರು, ಅವನ್ನು ನೋಡಿಯೇ ನಾವು ಅವಳನ್ನು ಚುಕ್ಕಿ ಅಂತ ಕರೆದದ್ದು, ಒಂದೊಂದಕ್ಕೂ ಮುತ್ತು ಕೊಟ್ಟದ್ದು, ಅದೇ ಕಾಯಿಲೆಯಂತೆ, ನ್ಯೂರೋಫೈಬ್ರೊಮಟೋಸಿಸ್, ನನ್ನ ನಾಲಿಗೆ ಹೊರಳದು, ಹುಟ್ಟಿನಿಂದ ಬಂದದ್ದು, ಇಂಥ ಕೆಲವು ಮಕ್ಕಳಿಗೆ ಒತ್ತಡ ಏರುತ್ತದೆ, ಯಾಕೆ ಅಂತ ಹುಡುಕಬೇಕು ಅಂದರು.

ಅವರು ಹುಡುಕುವ ಮೊದಲೇ ನಮ್ಮ ಮನೆಯಲ್ಲಿ ಕಾರಣ ಸಿಕ್ಕಿಬಿಟ್ಟಿತು, ಭಾಮೈದ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ, ಭಾವ, ಬೇಜಾರು ಮಾಡ್ಕೋಬೇಡಿ, ನೀವು ಕೆಮ್ಮಿದ್ರೆ ನಮ್ಮನೆ ನಾಯಿ ಮಂಚದ ಕೆಳಗೆ ಸೇರ್ಕೊಳತ್ತೆ, ಇನ್ನು ಮಗು ಪಾಡೇನು, ಅತ್ತೆ ತಲೆಯಾಡಿಸಿದರು, ನನಗೆ ರೇಗಿತು, ಆದರೆ ಒಳಗೊಳಗೆ ಸಮಾಧಾನವೂ ಆಯಿತು, ನನ್ನ ಬಾಯಿ ತಾನೆ, ಹೊಲಿದುಕೊಂಡರೆ ಮುಗಿಯಿತು, ಅಂದಿನಿಂದ ಉಪ್ಪು ಬೇಕಾದರೂ ಬೆರಳಲ್ಲಿ ತೋರಿಸಿದೆ, ಗೊರಕೆಯೂ ಕೇಳಬಾರದೆಂದು ಶೆಡ್ಡಿಗೇ ಹೋಗಿ ಯಾರದೋ ಕಾರಿನ ಹಿಂದಿನ ಸೀಟಲ್ಲಿ ಮಲಗಿದೆ, ಬಡಿಯುವಾಗಲೂ ಸುತ್ತಿಗೆಯ ಕೆಳಗೆ ಬಟ್ಟೆ ಹಾಕಿಕೊಳ್ಳುತ್ತಿದ್ದೆ, ಮನೆಗೆ ಕೇಳಿಸುವಷ್ಟು ಹತ್ತಿರವೇನಲ್ಲ, ಆದರೂ — ಒಂದು ದಿನ ಶಾಲೆ ಬಿಟ್ಟವಳು ನೇರ ಶೆಡ್ಡಿಗೇ ಬಂದು ನಿಂತಳು, ಅಪ್ಪಾ, ನಾನು ಹೋಮ್‌ವರ್ಕ್ ಮಾಡಿಲ್ಲ, ಬೈಯಲ್ವಾ, ಯಾಕಪ್ಪಾ ಈಗ ಯಾರೂ ನನ್ನ ಬೈಯಲ್ಲ, ನಾನು ಸಾಯ್ತೀನಾ? ನನ್ನ ಕೈ ಅಲ್ಲೇ ನಿಂತಿತು, ಇಲ್ಲ ಕಣೇ ಅನ್ನಬೇಕಿತ್ತು, ಅನ್ನಲಿಲ್ಲ, ಬಾಯಿಬಿಟ್ಟರೆ ಬಿಪಿ ಏರುತ್ತದಲ್ಲ, ತಲೆ ಸವರಿದೆ, ಕೂದಲಿಗೆಲ್ಲ ಗ್ರೀಸ್ ಮೆತ್ತಿತು, ಅವಳು ಇನ್ನೂ ಹೆದರಿಕೊಂಡೇ ಹೋದಳು, ಅಷ್ಟಾದರೂ ಒತ್ತಡ ಇಳಿಯಲಿಲ್ಲ, ಇಲ್ಲಿ ತಂದು ಮಲಗಿಸಿದೆವು, ಇವತ್ತು ಆ ನೀಲಿ ಕೈ ನೋಡಿ ನನ್ನ ಬಾಯಿ ತಪ್ಪಿತು.

ಬಾಗಿಲು ತೆರೆಯಿತು, ಡಾಕ್ಟರು, ಇಳೀತಾ ಸಾರ್, ನಾನು ಒಳಗಿರಲಿಲ್ಲ ಅಂದೆ, ಇಲ್ಲಪ್ಪ ಇಳಿದಿಲ್ಲ, ನೀವಿದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ, ಸ್ಕ್ಯಾನಲ್ಲಿ ಗೊತ್ತಾಯ್ತು, ಕಿಡ್ನಿಗೆ ರಕ್ತ ಹೋಗೋ ನಾಳ ಒಂದು ಕಡೆ ತುಂಬ ಕಿರಿದಾಗಿದೆ, ರಕ್ತ ಸಾಲಲ್ಲ ಅಂತ ಕಿಡ್ನಿನೇ ಒತ್ತಡ ಏರಿಸ್ತಿದೆ, ಮಾತ್ರೆಗೆ ಬಗ್ತಿಲ್ಲ, ಈಗಲೇ ತೊಡೆ ಹತ್ರದಿಂದ ಸಣ್ಣ ಕೊಳವೆ ತೂರಿಸಿ ಬಲೂನಲ್ಲಿ ಅಗಲ ಮಾಡ್ತೀವಿ, ನಾಳ ಹರಿದುಹೋಗೋ ಅಪಾಯ ಸ್ವಲ್ಪ ಇದೆ — ನನ್ನ ಬಾಯಿಂದ ಅಲ್ವಾ? ಅಲ್ಲ. ಅದು ಹೇಗ್ರೀ ಅಲ್ಲ ಅಂತೀರಿ, ನಾನು ಕೂಗೋದು ಕೇಳಿದೀರೇನ್ರೀ ನೀವು, ಅತ್ತಿಂದಿತ್ತ ಓಡಾಡುತ್ತಿದ್ದವರೆಲ್ಲ ನಿಂತು ನೋಡಿದರು, ಈಗ ಕೇಳಿದೆ ಅಂದರು ಡಾಕ್ಟರು, ಅದಕ್ಕಲ್ಲ ಕಣಪ್ಪ, ನಾನು ಮತ್ತೆ ಗೋಡೆಗೆ ಒರಗಿದೆ, ನನ್ನಿಂದ ಆಗಿದ್ದರೆ ನಾನು ನಿಲ್ಲಿಸಬಹುದಿತ್ತು, ಜೀವಮಾನವಿಡೀ ಮೂಗನ ಹಾಗೆ ಇದ್ದುಬಿಡುತ್ತಿದ್ದೆ, ಈಗ ಯಾರನ್ನು ಸುಮ್ಮನಿರಿಸಲಿ, ಒಳಗೆಲ್ಲೋ ನೂಲಿನಷ್ಟು ನಾಳ, ಅದರೊಳಗೆ ಗಾಳಿ ಊದುತ್ತಾರೋ ನೀರು ತುಂಬುತ್ತಾರೋ, ಮುದುಡಿದ ತಗಡು ಎಳೆಯುವಾಗ ಎಷ್ಟು ಸಲ ಹರಿದಿಲ್ಲ ನನ್ನ ಕೈಯಲ್ಲಿ, ಹರಿದರೆ ಬೆಸುಗೆ ಹಾಕುತ್ತೇನೆ, ಇಲ್ಲಿ — ಹೆಂಡತಿ ಬಂದು ತೋಳು ಹಿಡಿದಳು, ರೀ, ಅವಳ ಹತ್ರ ಏನಾದ್ರೂ ಮಾತಾಡ್ರೀ, ನಿಮ್ಮ ದಮ್ಮಯ್ಯ, ಏನಾದ್ರೂ, ಗಾಲಿಮಂಚ ಬಂತು, ಬೇಡ ನಾನೇ ನಡೀತೀನಿ ಅಂದಳು ಚುಕ್ಕಿ, ಥೇಟ್ ನನ್ನ ಹಟ, ಸಿಸ್ಟರ್ ನಕ್ಕು ಕೈ ಹಿಡಿದಳು, ಮೊಣಕಾಲು ದಾಟಿದ ಹಸಿರು ಅಂಗಿ, ಚಪ್ಪಲಿ ಇಲ್ಲ, ನೆಲ ಮಂಜುಗಡ್ಡೆ, ಚಪ್ಪಲಿ ಎಲ್ಲೇ ಕತ್ತೆ, ಶೀತ ಆಗತ್ತೆ ಅಂತ ಬೈಯಬೇಕು, ಬಾಯಿ ತೆರೆದಿದ್ದೇನೆ, ಸ್ವರವಿಲ್ಲ, ಬರೀ ಉಸಿರು, ಅವಳು ತಿರುಗಲಿಲ್ಲ, ತಣ್ಣಗಿನ ನೆಲಕ್ಕೆ ಹಿಮ್ಮಡಿ ತಾಗಿಸದೆ ತುದಿಗಾಲಲ್ಲೇ ಹೋದಳು, ಆಪರೇಷನ್ ಕೋಣೆಯ ಬಾಗಿಲು ಒಳಕ್ಕೆ ಹೋಗಿ ಹೊರಕ್ಕೆ ಬಂತು, ಆ ಸಂದಿನಲ್ಲಿ ಎತ್ತಿದ ಎರಡು ಹಿಮ್ಮಡಿ, ಬಾಗಿಲು ನಿಂತಿತು, ಯಾರೋ ಕೂತ್ಕೊಳ್ಳಿ ಅಂದರು, ಹೊತ್ತೆಷ್ಟಾಯಿತೋ, ಇನ್ನೂ ಬಂದಿಲ್ಲ, ಎತ್ತಿದ ಎರಡು ಹಿಮ್ಮಡಿ, ಗುಲಾಬಿ ಬಣ್ಣದವು, ನೆಲ ಮುಟ್ಟದೆ —