ಉಲ್ಟಾ ಸೀನು

ನಾಯಿ ಅಡುಗೆಮನೆಯ ನಡುವೆ ನಾಲ್ಕೂ ಕಾಲು ಸೆಟೆಸಿ ನಿಂತುಬಿಟ್ಟಿತ್ತು. ಮುಂಗಾಲುಗಳನ್ನು ಅಗಲಿಸಿ, ಕತ್ತನ್ನು ಮುಂದಕ್ಕೆ ಚಾಚಿ, ಕಣ್ಣು ಮೇಲೆ ಮಾಡಿಕೊಂಡು ಮೂಗಿನಿಂದ ಗಾಳಿಯನ್ನು ಒಳಕ್ಕೆ ಎಳೆಯುತ್ತಿತ್ತು. ಗೊರ್ರ್, ಗೊರ್ರ್, ಗೊರ್ರ್. ಹಸಿ ಮರದಲ್ಲಿ ಗರಗಸ ಸಿಕ್ಕಿಕೊಂಡಂಥ ಸದ್ದು. ಒಳಗೆ ಹೋದ ಗಾಳಿ ಹೊರಗೆ ಬರುವ ಲಕ್ಷಣವೇ ಇರಲಿಲ್ಲ. ಅವನು ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೇ ಬಿಟ್ಟು, ನೊರೆಗೈಯಲ್ಲೇ ಫೋನು ಎತ್ತಿಕೊಂಡ.

ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಹೆಂಡತಿ ತನ್ನ ಜೊತೆ ಎರಡು ಪೆಟ್ಟಿಗೆ ಬಟ್ಟೆ, ಒಂದು ಕಬ್ಬಿಣದ ಕಪಾಟು ಮತ್ತು ಈ ನಾಯಿಯನ್ನು ತಂದಿದ್ದಳು. ಕೋಟಿನ ಗುಂಡಿಯ ಹಾಗೆ ಕಂದು ಬಣ್ಣಕ್ಕೆ, ದುಂಡಗೆ ಇದ್ದುದರಿಂದ ಅದರ ಹೆಸರು ಗುಂಡಿ. ಅವಳು ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಕೆಲಸಕ್ಕಿದ್ದಳು. ಫೋನಿನಲ್ಲಿ ಮೊದಲು ಕೇಳಿಸಿದ್ದೇ, "ಕ್ಲಚ್ ಬಿಡಬೇಡಿ, ಬಿಡಬೇಡಿ, ಅಯ್ಯೋ!" ಆಮೇಲೆ, "ಹಲೋ, ಹೇಳಿ, ಏನಾಯ್ತು?"

"ಗು... ಗು... ಗು..."

ಚಿಕ್ಕಂದಿನಿಂದಲೂ ಅವನ ಮಾತು ಉಗ್ಗುತ್ತಿತ್ತು. ಅದರಲ್ಲೂ ಗಕಾರ ಅವನ ಪಾಲಿನ ಶತ್ರು. ನಾಯಿಗೆ ಬೇರೆ ಯಾವ ಹೆಸರಾದರೂ ಇಡಬಾರದಿತ್ತೇ ಎನ್ನಿಸಿತು. ಅವಳು ಆ ತುದಿಯಲ್ಲಿ ಕಾಯುತ್ತಲೇ ಇದ್ದಳು. ಅವನೇ ಸೋತು ಫೋನು ಇಟ್ಟ.

ಅಷ್ಟರಲ್ಲಿ ಸದ್ದು ನಿಂತಿತ್ತು. ಗುಂಡಿ ಒಮ್ಮೆ ಎಂಜಲು ನುಂಗಿ, ಮೂಗು ನೆಕ್ಕಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಅವನ ಚಪ್ಪಲಿ ಮೂಸತೊಡಗಿತು. ಅವನಿಗೆ ಮಾತ್ರ ಧೈರ್ಯ ಬರಲಿಲ್ಲ. ನಾಯಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬೀದಿಯ ಕೊನೆಯಲ್ಲಿದ್ದ ಪಶುವೈದ್ಯೆಯ ಬಳಿಗೆ ಓಡಿದ.

ತಾನು ಕೆಲಸ ಮಾಡುವ ಅಂಗಡಿಯಲ್ಲಿ ಕೂಡ ಅವನು ಗಿರಾಕಿಗಳ ಮುಂದೆ ನಿಲ್ಲುವವನಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಈಗ ಅಪರಿಚಿತರೊಬ್ಬರ ಎದುರು ಒಬ್ಬನೇ ನಿಂತು ಕಾಯಿಲೆ ವಿವರಿಸಬೇಕು. ಗುಂಡಿಯೋ, ಮೇಜಿನ ಮೇಲೆ ನಿಂತು ಬಾಲ ಅಲ್ಲಾಡಿಸುತ್ತಿತ್ತು.

"ಏನು ತೊಂದರೆ? ವಾಂತಿನಾ?" ಎಂದಳು ವೈದ್ಯೆ. ಅವನು ಬಾಯಿ ತೆರೆಯುವಷ್ಟರಲ್ಲಿ, "ಭೇದಿನಾ? ಕೆಮ್ಮಾ? ಏನಾದ್ರೂ ನುಂಗಿಬಿಡ್ತಾ?" ಅವನು ಒಂದೊಂದಕ್ಕೂ ಇಲ್ಲವೆಂದು ತಲೆಯಾಡಿಸಿದ. ಕೊನೆಗೆ ಅವಳೇ ನಕ್ಕು, "ಹೋಗ್ಲಿ ಬಿಡಿ, ಹೇಳೋದು ಬೇಡ. ಮಾಡಿ ತೋರ್ಸಿ," ಎಂದಳು.

ಬಾಗಿಲ ಬಳಿ ಬೆಕ್ಕಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಕೂತಿದ್ದಳು. ಅವನು ಒಂದು ಕ್ಷಣ ಅವಳ ಕಡೆ ನೋಡಿದ. ನಾಚಿಕೆಪಟ್ಟರೆ ನಾಯಿ ಉಳಿಯುವುದಿಲ್ಲ ಎಂದುಕೊಂಡು ಕತ್ತು ಚಾಚಿ, ಕೈ ಅಗಲಿಸಿ, ಮೂಗಿನಿಂದ ಎಳೆದ. ಗೊರ್ರ್, ಗೊರ್ರ್, ಗೊರ್ರ್. ಒಂದು ಕಡೆಯೂ ತಡವರಿಸಲಿಲ್ಲ. ಬುಟ್ಟಿಯೊಳಗಿನ ಬೆಕ್ಕು ಬುಸ್ಸೆಂದಿತು. ಗುಂಡಿ ಕಿವಿ ನಿಮಿರಿಸಿ ಅವನನ್ನೇ ಬಿಟ್ಟ ಕಣ್ಣಿಂದ ನೋಡಿತು.

"ಉಲ್ಟಾ ಸೀನು!" ವೈದ್ಯೆ ಮೇಜು ತಟ್ಟಿದಳು. "ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ಮಾಡಿ ತೋರಿಸಿರ್ಲಿಲ್ಲ. ನಾವು ಸೀನಿದ್ರೆ ಗಾಳಿ ಹೊರಗೆ ಬರುತ್ತೆ, ಇದಕ್ಕೆ ಒಳಗೆ ಹೋಗುತ್ತೆ, ಅಷ್ಟೇ. ಪುಟ್ಟ ಜಾತಿ ನಾಯಿಗಳಲ್ಲಿ ಜಾಸ್ತಿ. ಬಾಯೊಳಗೆ ಅಂಗುಳಿನ ಹಿಂದೆ ಏನೋ ಕೆರಳುತ್ತೆ. ಧೂಳು, ಸೆಂಟು, ಕತ್ತಿನ ಪಟ್ಟಿ ಎಳೆದದ್ದು, ಒಂದೊಂದ್ಸಲ ಬರೀ ಖುಷಿ. ಜೀವಕ್ಕೇನೂ ಅಪಾಯ ಇಲ್ಲ."

"ಮ-ಮದ್ದು?"

"ಮದ್ದು ಬೇಡ. ನೀವು ಗಾಬರಿ ಬೀಳ್ಬೇಡಿ, ಅದೇ ಮದ್ದು. ಗಂಟಲನ್ನ ಮೆಲ್ಲಗೆ ಸವರಿ. ಅದು ಎಂಜಲು ನುಂಗಿದ್ರೆ ಸಾಕು, ನಿಲ್ಲುತ್ತೆ. ಒಸಡು ನೀಲಿಯಾದ್ರೆ, ಮೂಗಲ್ಲಿ ರಕ್ತ ಬಂದ್ರೆ, ಇಲ್ಲಾ ದಿನಾ ಪದೇಪದೇ ಬರೋಕೆ ಶುರುವಾದ್ರೆ ಕರ್ಕೊಂಡು ಬನ್ನಿ. ಕತ್ತಿನ ಪಟ್ಟಿ ಬಿಟ್ಟು ಎದೆಗೆ ಕಟ್ಟೋ ಪಟ್ಟಿ ಹಾಕಿ."

ಸಂಜೆ ಹೆಂಡತಿ ಬಂದು ಕೇಳಿದವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದಾ! ಆಗಾಗ ಬರುತ್ತೆ ಅದಕ್ಕೆ. ನಿಮಗೆ ಹೇಳೋದೇ ಮರೆತುಬಿಟ್ಟೆ ನೋಡಿ."

ಅಂದಿನಿಂದ ಅವನಿಗೆ ಅದೇ ಗುಂಗು. ಗುಂಡಿಗೆ ಯಾವಾಗ ಬರುತ್ತದೆ, ಏಕೆ ಬರುತ್ತದೆ ಎಂದು ಗಮನಿಸತೊಡಗಿದ. ಪೌಡರಿನ ಡಬ್ಬಿ ತೆರೆದರೆ ಬರುತ್ತಿತ್ತು. ಬಟ್ಟಲಿನ ನೀರನ್ನು ಆತುರಾತುರವಾಗಿ ಕುಡಿದರೆ ಬರುತ್ತಿತ್ತು. ಗಾಜು ಉಜ್ಜುತ್ತ ಕೂತಾಗ, ಹೊರಗೆ ಹೋಗಬೇಕಾದ ಗಾಳಿ ಯಾವ ತಿರುವಿನಲ್ಲಿ ಮನಸ್ಸು ಬದಲಾಯಿಸುತ್ತದೆ ಎಂದು ಯೋಚಿಸುತ್ತಿದ್ದ. ಒಂದು ದಿನ ತಾನೇ ಉಲ್ಟಾ ಸೀನಲು ಹೋಗಿ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದಾಗ ಅಂಗಡಿಯ ಯಜಮಾನರು ನೀರು ಹಿಡಿದು ಓಡಿಬಂದರು.

ಭಾನುವಾರ ಹೆಂಡತಿಯ ಎದುರಿಗೇ ಗುಂಡಿಗೆ ಮತ್ತೆ ಬಂತು. ಅವಳು ಓಡಲಿಲ್ಲ, ಕರೆಯಲಿಲ್ಲ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲೋ ನೋಡುತ್ತ, ಅದರ ಗಂಟಲ ಕೆಳಗೆ ಎರಡು ಬೆರಳು ಆಡಿಸುತ್ತಿದ್ದಳು.

"ನಿನಗೆ ಭ-ಭಯ ಆಗಲ್ವಾ?"

"ಮೊದಮೊದಲು ಆಗ್ತಿತ್ತು. ಕ್ಲಾಸಲ್ಲೂ ಹಿಂಗೇ ಅಲ್ವಾ? ಸಿಗ್ನಲ್ಲಲ್ಲಿ ಹೊಸಬರ ಗಾಡಿ ಆಫ್ ಆಗುತ್ತೆ. ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ. ಹಾರ್ನ್ ಹೊಡೆದ್ರೆ ಗಾಡಿ ಸ್ಟಾರ್ಟ್ ಆಗುತ್ತಾ? ಓಡಿಸೋರ ಕೈಕಾಲು ಇನ್ನಷ್ಟು ನಡುಗುತ್ತೆ, ಅಷ್ಟೇ."

ಗುಂಡಿ ನುಂಗಿತು, ಸದ್ದು ನಿಂತಿತು. ಅವನು ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದ. "ನಾನು ಮಾತಾಡುವಾಗ ಎಲ್ಲರೂ ಮುಂದಿನ ಮಾತು ತಾವೇ ಹೇ-ಹೇಳ್ತಾರೆ. ನೀನು ಯಾಕೆ ಹೇಳಲ್ಲ?"

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. "ನೀವೇನು ಹೇಳ್ತೀರೋ ನನಗೆ ಹೆಂಗೊತ್ತು?"

ಆ ವಾರ ಅವನ ಅಮ್ಮ ಬಂದಳು. ಅವಳಿಗೆ ಗೊತ್ತಿಲ್ಲದ ಮಾತು ಅವನ ಬಾಯಲ್ಲಿರಲು ಸಾಧ್ಯವೇ ಇರಲಿಲ್ಲ. ಶಾಲೆಯಲ್ಲಿ ಹೆಸರು ಹೇಳಲು ನಿಂತವನ ಪರವಾಗಿ ಕಿಟಕಿಯಾಚೆಯಿಂದ ತಾನೇ ಕೂಗಿದವಳು ಅವಳು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ ಕೂಡ ಮಗನ ಮಾತು ಎಡವಿದಲ್ಲೆಲ್ಲ ಅವಳ ಮಾತು ಬಂದು ಕೈಹಿಡಿಯುತ್ತಿತ್ತು. ಮಗನನ್ನು ನೋಡಿ ಯಾರೂ ನಗಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸಂಜೆ ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಮ್ಮ ಚಹಾಕ್ಕೆ ನೀರಿಟ್ಟು, "ನಾಯಿಗೆ ಗುಂಡಿ ಅಂತ ಹೆಸರಿಟ್ಟವರನ್ನ ನಾನೆಲ್ಲೂ ನೋಡ್ಲಿಲ್ಲಪ್ಪ," ಎಂದು ಸೆರಗು ಕೊಡವಿದಳು. ಅದರ ತುದಿ ನಾಯಿಯ ಮೂಗಿಗೆ ತಾಗಿತು. ಗುಂಡಿ ಸೆಟೆದು ನಿಂತಿತು. ಗೊರ್ರ್, ಗೊರ್ರ್.

"ಅಯ್ಯಯ್ಯೋ! ಗಂಟಲಿಗೆ ಏನೋ ಸಿಕ್ಕೊಂಡಿದೆ ಕಣೋ!" ಅಮ್ಮ ಅದರ ಬೆನ್ನಿಗೆ ಗುದ್ದತೊಡಗಿದಳು. ಗುದ್ದಿದಷ್ಟೂ ಸದ್ದು ಹೆಚ್ಚಾಯಿತು.

ಅವನು ನೆಲಕ್ಕೆ ಕೂತ. "ಅಮ್ಮಾ, ನೀ... ನೀ..."

"ನೀರಾ? ತರ್ತೀನಿ, ತರ್ತೀನಿ!" ಅಮ್ಮ ಓಡಿಹೋಗಿ ಚೊಂಬು ತಂದು ನಾಯಿಯ ಮುಖಕ್ಕೆ ಎರಚಿದಳು. ಅರ್ಧ ನೀರು ಅವನ ಮೇಲೆ ಬಿತ್ತು. ಗುಂಡಿ ಹೆದರಿ ಇನ್ನಷ್ಟು ಜೋರಾಗಿ ಎಳೆಯಿತು. "ಇನ್ನೂ ಬೇಕಾ?" ಎಂದು ಅಮ್ಮ ಮತ್ತೆ ತಿರುಗಿದಳು.

ಅವನು ಒದ್ದೆ ಕೈಯಿಂದ ಅಮ್ಮನ ಸೀರೆಯ ನೆರಿಗೆ ಹಿಡಿದುಕೊಂಡ. ಇನ್ನೊಂದು ಕೈಯ ಬೆರಳುಗಳು ಗುಂಡಿಯ ಗಂಟಲ ಕೆಳಗೆ ಮೆಲ್ಲಗೆ ಆಡುತ್ತಿದ್ದವು. ಅಮ್ಮ ಚೊಂಬು ಹಿಡಿದು ನಿಂತೇ ಇದ್ದಳು. ಅವಳ ತುಟಿ ಎರಡು ಸಲ ತೆರೆದು ಮುಚ್ಚಿತು. ಗೊರ್ರ್... ಗೊರ್... ಗುಂಡಿ ನುಂಗಿತು. ಮೈ ಸಡಿಲವಾಗಿ, ಅವನ ಮಂಡಿಯ ಮೇಲೆ ಗಲ್ಲವಿಟ್ಟಿತು.

"ನೀ-ನೀರಲ್ಲಮ್ಮ," ಎಂದ ಅವನು. "ನೀನು ಸುಮ್ನೆ ಕೂ-ಕೂತ್ಕೋ ಅಂತ ಹೇಳೋಕೆ ಹೊರಟಿದ್ದೆ."

ಅಮ್ಮ ಚೊಂಬನ್ನು ಕಟ್ಟೆಯ ಮೇಲಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದ ಬೀದಿಯಲ್ಲೇ ದಾರಿ ತಪ್ಪಿದವಳ ಹಾಗೆ ಸುತ್ತ ನೋಡಿದಳು.

"ಹಂಗಾದ್ರೆ ಇಷ್ಟು ದಿನ ನಾನು..." ಎಂದು ನಿಂತಳು.

ಅವನು ಮುಂದಿನ ಮಾತು ಹೇಳಿಕೊಡಲಿಲ್ಲ. ಅವಳೂ ಮುಂದುವರಿಸಲಿಲ್ಲ. ಸೆರಗಿನಿಂದ ಅವನ ಒದ್ದೆ ಕತ್ತು ಒರೆಸಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು.

"ಏನೋ ಇದು? ಡಾಕ್ಟರಿಗೆ ತೋರಿಸಿದ್ಯಾ?"

"ಹೂಂ."

"ಯಾರು ಕರ್ಕೊಂಡು ಹೋಗಿದ್ದು?"

"ನಾ-ನಾನೇ."

"ಒಬ್ನೇ?" ಅಮ್ಮ ಅವನ ಕಡೆ ಪೂರ್ತಿ ತಿರುಗಿದಳು. "ಏನಂತ ಹೇಳ್ದೆ ಮತ್ತೆ?"

ಅವನು ಹೇಳತೊಡಗಿದ. ಟವೆಲಿನಿಂದ ಶುರುಮಾಡಿದ. ಬುಟ್ಟಿಯ ಹೆಂಗಸಿನ ಹತ್ತಿರ ಬಂದಾಗ "ಬೆ... ಬೆ..." ಎಂದು ಮಾತು ನಿಂತಿತು. ಬೆಂಚೋ, ಬೆನ್ನೋ, ಬೆಲೆಯೋ, ಅಮ್ಮ ಏನಂದುಕೊಂಡಳೋ, ಹೇಳಲಿಲ್ಲ. ನಾಯಿಯ ಕಿವಿ ಸವರುತ್ತ ಕೂತಳು. ಬೆಕ್ಕು ಬಂತು, ಬುಸ್ಸೆಂದಿತು. ಅವನು ಎದ್ದು ಕತ್ತು ಚಾಚಿ ಸದ್ದು ಮಾಡಿ ತೋರಿಸಿದಾಗ ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಆಮೇಲೆ?" ಎಂದಳು.

ಒಲೆಯ ಮೇಲೆ ಚಹಾದ ನೀರು ಕುದಿದು ಕುದಿದು ಅರ್ಧಕ್ಕಿಳಿದಿತ್ತು. ಇಬ್ಬರೂ ಏಳಲಿಲ್ಲ.