ಒಂದೇ ಕಣ್ಣು ಮುಚ್ಚುವ ಬೆಕ್ಕು

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂಬುದು ಹೊಲಿಗೆ ಅಂಗಡಿಯ ಯಜಮಾನಿಗೆ ಗೊತ್ತಿತ್ತು. ಆದರೆ ತನ್ನ ಅಂಗಡಿಯ ಬೆಕ್ಕು ಒಂದೇ ಕಣ್ಣು ಮುಚ್ಚುತ್ತಿತ್ತು.

ಆ ಬೆಕ್ಕೆಂದರೆ ಬಟ್ಟೆಯ ಅಂಚು ಮಡಚಿ ಹೆಮ್ಮಿಂಗ್ ಮಾಡುವ ಹುಡುಗಿ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ಇರುವವಳು. ಯಜಮಾನಿಯ ಗಂಡ, ಅಂದರೆ ಮಾಸ್ಟರು, ಕಟಿಂಗ್ ಟೇಬಲ್ಲಿನ ಮೇಲೆ ಬಗ್ಗಿದರೆ ಸಾಕು, ಎದುರು ಮೂಲೆಯಿಂದ ಇವಳು ಪೆನ್ಸಿಲ್ ಹಿಡಿದ ಕೈಯನ್ನು ಅವರತ್ತ ನೆಟ್ಟಗೆ ಚಾಚಿ ಒಂದು ಕಣ್ಣು ಮುಚ್ಚುವಳು. ಆಮೇಲೆ ಮಡಿಲಲ್ಲಿ ಏನೋ ಗೀಚುವಳು. ಯಾರಾದರೂ ಹತ್ತಿರ ಬಂದರೆ ಕಾಗದ ಬಟ್ಟೆಯಡಿ ಸೇರುವುದು.

ಮಾಸ್ಟರೂ ಈಚೆಗೆ ಎಡಗಿವಿಯ ಮೇಲಿನ ನಾಲ್ಕೆಳೆ ಕೂದಲನ್ನು ಬಲಗಿವಿಯವರೆಗೆ ಎಳೆದು ಬಾಚತೊಡಗಿದ್ದರು. ಗುಂಡಿ ಹಚ್ಚುತ್ತಿದ್ದ ಯಜಮಾನಿಯ ಬೆರಳಿಗೆ ಸೂಜಿ ಚುಚ್ಚಿತು. ಇಷ್ಟು ವರ್ಷದ ಸಂಸಾರ. ಇವತ್ತೇ ಹುಡುಗಿಯನ್ನು ಕೆಲಸ ಬಿಡಿಸಿ ಮನೆಗೆ ಕಳಿಸಬೇಕು. ಮೊದಲು ಆ ಕಾಗದ ಕೈಗೆ ಸಿಗಬೇಕು.

ಮೂಲೆಗೆ ಹೋಗಿ ಮೆಲ್ಲಗೆ ಕೇಳಿದಳು. “ಅದೇನು?”

“ಏನಿಲ್ಲ ಅಕ್ಕಾ.”

“ಏನಿಲ್ಲದ್ದನ್ನ ತೋರ್ಸೋಕೇನು ಕಷ್ಟ? ಕೊಡಿಲ್ಲಿ.”

ಕಂದು ಕಾಗದದ ಚೂರಿನ ತುಂಬ ಒಂದು ಬೋಳು ಬುರುಡೆ. ಪಕ್ಕದಲ್ಲಿ ಕತ್ತರಿ ಹಿಡಿದ ದೊಡ್ಡ ಮುಷ್ಟಿ. ಹಿಂದೆ ಚೂರೇ ಚೂರು ಬೆನ್ನು, ಟೇಬಲ್ಲಿನ ಕೆಳಗೆ ಗೊಂಬೆಯದರಂಥ ಪುಟ್ಟ ಪಾದ. ಮುಖವೇ ಇಲ್ಲ.

“ಇದ್ಯಾರೇ?”

“ಮಾಸ್ಟ್ರು.”

“ತೋಳು ಎಲ್ಲಿ ಹೋಯ್ತು?”

“ನಮ್ಮ ಕಡೆ ಚಾಚಿದ್ರೆ ಗಿಡ್ಡ ಕಾಣುತ್ತೆ ಅಕ್ಕಾ. ಎಷ್ಟು ಗಿಡ್ಡ ಅಂತ ಚಿತ್ರ ಬರೆಯೋರು ಪೆನ್ಸಿಲಲ್ಲಿ ಅಳೀಬೇಕು. ಎರಡೂ ಕಣ್ಣು ಬಿಟ್ರೆ ಅಳತೆ ನಿಲ್ಲಲ್ಲ. ಅದನ್ನೇ ಅಭ್ಯಾಸ ಮಾಡ್ತಿದೀನಿ.”

ಯಜಮಾನಿ ನಂಬಲಿಲ್ಲ. ಅವಳನ್ನು ಎಬ್ಬಿಸಿ, ತಾನೇ ಆ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣು ಮುಚ್ಚಿ ಪೆನ್ಸಿಲ್ ಚಾಚಿದಳು. ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದ ಗಂಡನ ತೋಳು ಬೋಳುತಲೆಯ ಅರ್ಧಕ್ಕೂ ಬರಲಿಲ್ಲ. ಮತ್ತೆ ಅಳೆದಳು. ಅಷ್ಟೇ. ಮನಸ್ಸು ಕೊಟ್ಟವಳು ಯಾರಾದರೂ ಬೋಳನ್ನು ಇಷ್ಟು ಮುತುವರ್ಜಿಯಿಂದ ಬರೆದಾಳೆಯೇ?

“ನಾಳೆ ಹೊತ್ತಿಗೆ ಸರಿಯಾಗಿ ಬಾ,” ಎಂದು ಚಿತ್ರವನ್ನು ಗಂಡನಿಗೆ ಒಯ್ದು ಕೊಟ್ಟಳು. ಮಾಸ್ಟರು ನೋಡಿದರು, ತಲೆ ಸವರಿಕೊಂಡರು.

ಮರುದಿನ ಅವರು ಬಗ್ಗಲೇ ಇಲ್ಲ. ನೆಟ್ಟಗೆ ನಿಂತು, ಗಲ್ಲ ಎತ್ತಿ, ಹುಡುಗಿಯ ಮೂಲೆಯತ್ತ ಮುಖ ಮಾಡಿಕೊಂಡೇ ಕತ್ತರಿ ಆಡಿಸಿದರು.

“ಬಟ್ಟೆ ಕೆಳಗಿದೆ ರೀ,” ಎಂದಳು ಯಜಮಾನಿ. ತನ್ನ ಸ್ಟೂಲನ್ನು ಇಬ್ಬರ ನಡುವೆ ಎಳೆದು ಹಾಕಿ ಕೂತು, ಹುಡುಗಿಗೆ ಹೇಳಿದಳು: “ಇವತ್ತಿಂದ ನನ್ನನ್ನ ಬರಿ.”

ಹುಡುಗಿ ಒಂದು ಕಣ್ಣು ಮುಚ್ಚಿದಳು. ಯಜಮಾನಿ ಅವಳತ್ತ ಚಾಚಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.