ಕೀರ್ತನಳಿಗೆ ತೋರಿಸದ ಮುಖ

ನನ್ನ ವಾರಗಿತ್ತಿ ಕೀರ್ತನ ನನಗೆ ಒಂದು ಮಾತು ಅಂದಿದ್ದಳು. ಅದನ್ನು ಅವಳಿಗೇ ವಾಪಸು ಕೊಡಬೇಕೆಂದು ನಾಲ್ಕು ವರ್ಷದಿಂದ ಕಾಯುತ್ತಿದ್ದೆ.

ಅವಳ ಮಗಳು ಸಿಂಚನಳನ್ನು ತೊಟ್ಟಿಲಿಗೆ ಹಾಕಿದ ದಿನದ ಮಾತು. ಗಂಡನ ಮನೆಗೆ ಅವಳಿಗಿಂತ ಮೊದಲು ಸೊಸೆಯಾಗಿ ಬಂದವಳು ನಾನು, ಆದರೂ ನನಗೆ ಮಕ್ಕಳಾಗಿರಲಿಲ್ಲ. ನಾನೇ ಹೊಲಿದ ಕುಲಾವಿ ಹಿಡಿದು ತೊಟ್ಟಿಲ ಕಡೆ ಬಗ್ಗಿದೆ. ಕೀರ್ತನ ಸರಕ್ಕನೆ ಸೆರಗೆಳೆದು ಮಗುವಿನ ಮುಖ ಮುಚ್ಚಿದಳು. "ಬೇಡ ಬಿಡಕ್ಕ, ದೃಷ್ಟಿ ಆಗುತ್ತೆ" ಅಂದಳು. ರಾಜಘಟ್ಟದ ಅರ್ಧ ಊರು ಅಲ್ಲಿತ್ತು. ಅತ್ತೆ ಪಿಳ್ಳಮ್ಮ ಕೇಳಿಸದವರಂತೆ ವೀಳ್ಯದೆಲೆ ಹಂಚುತ್ತಿದ್ದರು. ಆಮೇಲೂ ಆ ಮಗುವನ್ನು ನನ್ನ ತೊಡೆಯ ಮೇಲೆ ಕೂರಲು ಅವಳು ಬಿಡಲಿಲ್ಲ.

ಈಗ ನಾನು ಏಳು ತಿಂಗಳ ಬಸುರಿ. ಹೊಟ್ಟೆ ಬೆಳೆದರೂ ಒಳಗಿರುವುದು ನನ್ನದು ಅಂತ ಅನ್ನಿಸಿರಲಿಲ್ಲ. ಅಷ್ಟು ಹೆದರಿಕೆ. ಅದನ್ನು ಹೇಳಿಕೊಂಡಾಗ ದೊಡ್ಡಬಳ್ಳಾಪುರದ ಡಾಕ್ಟರಮ್ಮ, "ಮುಖ ಕಾಣೋ ಸ್ಕ್ಯಾನ್ ಮಾಡೋಣ. ನೋಡಿ, ಮಾತಾಡ್ಸಿ. ಅಕ್ಕರೆ ತಾನಾಗೇ ಬರುತ್ತೆ" ಅಂದರು. ನನ್ನ ಗಂಡ ದೇವರಾಜನಿಗೆ ನೆಲಮಂಗಲದ ಗೋಡೌನಿನಲ್ಲಿ ರಜೆ ಸಿಗಲಿಲ್ಲ. ಅತ್ತೆ ಕೀರ್ತನಳನ್ನೇ ಜೊತೆಗೆ ಕಳಿಸಿದರು. ಸಿಂಚನಳೂ ಬಂದಳು.

ಸ್ಕ್ಯಾನ್ ಕೋಣೆಯಲ್ಲಿ ಕೀರ್ತನ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಳು. ಮಗು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತ್ತು. ಡಾಕ್ಟರಮ್ಮ ಹೊಟ್ಟೆ ತಟ್ಟಿದರು, ನನ್ನನ್ನು ಮಗ್ಗುಲಾಗಿಸಿದರು, ನೀರು ಕುಡಿಸಿದರು. ಕೈ ಸರಿಯಲಿಲ್ಲ.

"ಇವ್ರನ್ನ ಸ್ವಲ್ಪ ಆಚೆ ಕಳಿಸ್ತೀರಾ ಮೇಡಂ" ಅಂದೆ.

ಕೀರ್ತನ ಮುಖ ಊದಿಸಿಕೊಂಡು ಮಗಳೊಂದಿಗೆ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಪುಟ್ಟ ಕೈಗಳು ಕೆಳಗಿಳಿದವು. ಗುಂಡು ಮೂಗು, ಉಬ್ಬಿದ ತುಟಿ, ಗಂಟಿಕ್ಕಿದ ಹಣೆ. ನನ್ನದೇ ಸಿಟ್ಟು. ಹೊಟ್ಟೆಯಲ್ಲಿ ಮಕ್ಕಳು ಹೀಗೆ ಕೈ ಆಡಿಸುವುದು ಸಹಜ ಅಂದರು ಡಾಕ್ಟರಮ್ಮ. ಅನ್ನಲಿ. ಕೀರ್ತನಳಿಗೆ ಮುಖ ತೋರಿಸದೆ ಅದು ನನ್ನ ಪರವಾಗಿ ನಿಂತಿತ್ತು. "ಬಾ ನನ್ನ ಚಿನ್ನ, ಇನ್ಮೇಲೆ ನಾವಿಬ್ರು" ಅಂದೆ. ಕಣ್ಣು ತುಂಬಿ ಬಂತು. ಆಗ ಅದು ನನ್ನದಾಯಿತು.

ಫೋಟೊ ಹಿಡಿದು ಹೊರಗೆ ಬಂದೆ.

"ಕಾಣಿಸ್ತಾ ಅಕ್ಕ? ಎಲ್ಲಿ, ತೋರ್ಸಿ" ಎಂದು ಕೀರ್ತನ ಬಗ್ಗಿದಳು.

ಸೆರಗೆಳೆದು ಫೋಟೊ ಮುಚ್ಚಿದೆ. "ಬೇಡ ಬಿಡಮ್ಮ, ದೃಷ್ಟಿ ಆಗುತ್ತೆ."

ಅವಳಿಗೆ ನೆನಪಾಯಿತು. ಕಿವಿಯವರೆಗೂ ಕೆಂಪಾದಳು. ಬೆಂಚಿನ ತುಂಬ ಕೂತಿದ್ದ ಬಸುರಿಯರು, ಅವರ ತಾಯಂದಿರು ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ದೊಡ್ಡಮ್ಮ, ನಂಗೆ?" ಎಂದು ಸಿಂಚನ ನನ್ನ ಸೀರೆ ಜಗ್ಗಿದಳು.

ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಲಿಲ್ಲ. ಬೆಂಚಿನ ಮೇಲೆ ಕೂತು, ಮೊದಲ ಸಲ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಸೆರಗಿನೊಳಗೆ ತಲೆ ತೂರಿಸಿ ಇಬ್ಬರೂ ನೋಡಿದೆವು. ಹೊಟ್ಟೆಯೊಳಗಿದ್ದದ್ದು ಅವಳ ಬೆನ್ನಿಗೆ ಒದೆಯಿತು. ಅವಳು ಕಿಲಕಿಲ ನಕ್ಕಳು.

ಕೀರ್ತನ ಮಗಳ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಹೆಂಗೈತೆ ಪುಟ್ಟಿ, ಪಾಪು?"

ಸಿಂಚನ ಎರಡೂ ಅಂಗೈಗಳಿಂದ ಫೋಟೊ ಮುಚ್ಚಿದಳು. "ನಿಂಗೆ ತೋರ್ಸಲ್ಲಮ್ಮ. ದೃಷ್ಟಿ ಆಗುತ್ತೆ."

ಅಷ್ಟು ನಾನೂ ಬಯಸಿರಲಿಲ್ಲ. ಆದರೂ ಆ ಕೈಗಳನ್ನು ಸರಿಸಲಿಲ್ಲ.